ಹಾರುವವನ ನಾಡಿ

ನಮ್ಮ ಧಾರೇಶ್ವರದಲ್ಲಿ ವಿಮಾನವೆಂಬುದು ನೋಡುವ ವಸ್ತುವೇ ಹೊರತು ಏರುವ ವಸ್ತುವಲ್ಲ. ಸಂಜೆ ಧಾರಾನಾಥನಿಗೆ ಕೈಮುಗಿದು ಕಡಲ ದಂಡೆಯಲ್ಲಿ ಕುಳಿತರೆ, ಬಲು ಎತ್ತರದಲ್ಲಿ ಬೆಳ್ಳಿಯ ಚುಕ್ಕೆಯೊಂದು ಸದ್ದಿಲ್ಲದೆ ದಾಟಿಹೋಗುವುದುಂಟು. ಇಂಥ ಊರಿನ ಅಳಿಯನೊಬ್ಬ ನಲವತ್ತೈದರ ವಯಸ್ಸಿನಲ್ಲಿ ವಿಮಾನ ನಡೆಸಲು ಕಲಿತರೆ ಜನ ಬೆರಗಾಗದಿರುತ್ತಾರೆಯೆ? ಆ ಅಳಿಯ ನನ್ನ ಅಕ್ಕನ ಗಂಡ. ಬೆಂಗಳೂರಿನಲ್ಲಿ ಉದ್ಯೋಗ. ಜಕ್ಕೂರಿನ ಮೈದಾನದಲ್ಲಿ ಹಾರಲು ಕಲಿತು ಖಾಸಗಿ ಪೈಲಟ್ ಲೈಸೆನ್ಸು ಪಡೆದರು. ಆ ಲೈಸೆನ್ಸಿನವರು ಹಾರಿ ಸಂಬಳ ಪಡೆಯುವಂತಿಲ್ಲ. ಕೈಯಿಂದ ಹಣ ತೆತ್ತು ಸಂತೋಷಕ್ಕಾಗಿ ಹಾರಬೇಕು. ನಮ್ಮ ಕಡೆಯವರಿಗೆ ಇದೇ ಎಲ್ಲಕ್ಕಿಂತ ದೊಡ್ಡ ಸೋಜಿಗ.

ಒಮ್ಮೆ ನನ್ನನ್ನೂ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಹಿಂದಿನ ರಾತ್ರಿ ನನಗೆ ನಿದ್ದೆಯಿಲ್ಲ. ಬೆಳಗಿನ ಜಾವ ನೀರು ಕುಡಿಯಲೆಂದು ಅಡಿಗೆಮನೆಗೆ ಹೋದರೆ, ಭಾವ ದೀಪ ಹಾಕದೆ ನಿಂತು ಎರಡು ಮಾತ್ರೆ ನುಂಗುತ್ತಿದ್ದರು. ರಕ್ತದೊತ್ತಡದ ಮಾತ್ರೆಗಳು. ಒಂದು ವರ್ಷದಿಂದ ನುಂಗುತ್ತಿದ್ದರಂತೆ. ಹಾರಾಟದ ವೈದ್ಯಕೀಯ ಅರ್ಜಿಯಲ್ಲಿ ಔಷಧ ಸೇವನೆಯ ಪ್ರಶ್ನೆಯ ಮುಂದೆ ‘ಇಲ್ಲ’ ಎಂದು ಬರೆದಿದ್ದರು.

“ನಿನ್ನ ಅಕ್ಕನ ಹತ್ರ ಹೇಳಡ ಮಾರಾಯ. ಎಂತೂ ಆಗ್ತಿಲ್ಲೆ.”

ಅಕ್ಕನಿಗೆ ಹೇಳಲಿಲ್ಲ. ಆದರೆ ಹೊಟ್ಟೆನೋವೆಂದು ಸುಳ್ಳು ಹೇಳಿ ವಿಮಾನವನ್ನೂ ಹತ್ತಲಿಲ್ಲ. ಭಾವನಿಗೆ ಎಲ್ಲವೂ ತಿಳಿಯಿತು. ಆಮೇಲೆ ಮೂರು ತಿಂಗಳು ನಮ್ಮೊಳಗೆ ಮಾತಿಲ್ಲ.

ಮೋಜಿಗೆ ಹಾರುವವನಿಗೆ ವೈದ್ಯರ ಸರ್ಟಿಫಿಕೇಟು ಏಕೆ ಬೇಕು ಎಂಬುದು ಭಾವನ ಹಳೆಯ ವಾದ. ಅದು ಪೊಳ್ಳು ವಾದವಲ್ಲ. ಅಮೆರಿಕದಲ್ಲಿ ಗ್ಲೈಡರು, ಬಲೂನು ಹಾರಿಸುವ ಹವ್ಯಾಸಿಗೆ ಈ ಕಟ್ಟಿಲ್ಲ. 2004ರಿಂದ ಅಲ್ಲಿ ಹಗುರ ವಿಮಾನಗಳಿಗೆ ಮೋಟಾರು ಲೈಸೆನ್ಸನ್ನೇ ಆರೋಗ್ಯದ ಪುರಾವೆಯೆಂದು ಒಪ್ಪಿದರು. 2017ರಲ್ಲಿ, ಹಿಂದೊಮ್ಮೆ ವಿಮಾನ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಹವ್ಯಾಸಿಗಳು ನಾಲ್ಕು ವರ್ಷಕ್ಕೊಮ್ಮೆ ತಮ್ಮೂರಿನ ವೈದ್ಯರಿಂದಲೇ ತಪಾಸಣೆ ಮಾಡಿಸಿಕೊಂಡರೆ ಸಾಕೆಂದರು. ಬ್ರಿಟನ್ನಿನಲ್ಲಿ 2016ರಿಂದ ಅನೇಕ ಹವ್ಯಾಸಿಗಳಿಗೆ ಸ್ವಂತ ಘೋಷಣೆಯೇ ಸಾಕು. ನಮ್ಮ ದೇಶದಲ್ಲಿ ಹಾಗಲ್ಲ. ಖಾಸಗಿ ಪೈಲಟನಿಗೂ ಎರಡನೆಯ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕು.

ಪರೀಕ್ಷೆಗೆ ಕಾರಣವಿಲ್ಲದಿಲ್ಲ. ರೇಡಿಯೋ ಕೆಟ್ಟಾಗ ನಿಲ್ದಾಣದ ಗೋಪುರದಿಂದ ಕೆಂಪು ಹಸುರು ದೀಪಗಳನ್ನೇ ತೋರಿಸುತ್ತಾರೆ. ಬಣ್ಣ ತಿಳಿಯದ ಕಣ್ಣಿಗೆ ಅದು ವ್ಯರ್ಥ. ಎತ್ತರ ಏರಿದಂತೆ ಉಸಿರಿಗೆ ದೊರೆಯುವ ಆಮ್ಲಜನಕ ಕಡಮೆಯಾಗುತ್ತದೆ. ಬಳಲಿದ ಹೃದಯಕ್ಕೆ ಅಲ್ಲಿ ಸಾಲ ಸಿಕ್ಕದು. ಬರಿಯ ನೆಗಡಿಯಾಗಿದ್ದರೂ ಇಳಿಯುವಾಗ ಕಿವಿಯೊಳಗಿನ ಗಾಳಿ ಸಿಕ್ಕಿಕೊಂಡು ಪ್ರಾಣ ಹಿಂಡುತ್ತದೆ. ಇದನ್ನೆಲ್ಲ ಅಭ್ಯಾಸ ಮಾಡಲೆಂದೇ ವಾಯುಪಡೆಯವರು 1957ರಲ್ಲಿ ಬೆಂಗಳೂರಿನಲ್ಲಿ ಒಂದು ಸಂಸ್ಥೆಯನ್ನು ತೆರೆದರು.

ಆದರೆ ನೆಗಡಿಯ ದಿನ ಸರ್ಟಿಫಿಕೇಟು ಪೆಟ್ಟಿಗೆಯೊಳಗೆ ಮಲಗಿರುತ್ತದಲ್ಲ! ಕಾಗದ ಪರೀಕ್ಷೆಯ ದಿನದ ಸಂಗತಿಯನ್ನು ಹೇಳುತ್ತದೆ, ಹಾರುವ ದಿನದ್ದನ್ನಲ್ಲ. ಕಾಗದಗಳ ಮರ್ಯಾದೆಯೂ ನನಗೆ ಗೊತ್ತು. ನಲವತ್ತು ದಾಟಿದವನು ಮೋಟಾರು ಲೈಸೆನ್ಸಿಗೆ ವೈದ್ಯರ ರುಜು ತರಬೇಕು. ನನ್ನದಕ್ಕೆ ರುಜು ಹಾಕಿದ ಮಹಾಶಯರು ತಲೆಯೆತ್ತಿ ನನ್ನ ಮುಖವನ್ನು ಸಹ ನೋಡಲಿಲ್ಲ.

ನಮ್ಮ ದಂಡೆಯಲ್ಲಿ ದೋಣಿ ಇಳಿಸುವ ತಂಡೇಲರು ಯಾವ ಸರ್ಟಿಫಿಕೇಟು ತೋರಿಸುತ್ತಾರೆ? ಅವರ ಜೊತೆ ಹುಟ್ಟು ಹಾಕುವವರು ಬಾಲ್ಯದಿಂದ ಅವರನ್ನು ನೋಡಿದವರು. ಕೈ ನಡುಗುವುದು ಕಂಡರೆ, “ಇವತ್ತು ನೀವು ಬರೂದು ಬೇಡ” ಎನ್ನುತ್ತಾರೆ. ಬೆಂಗಳೂರಿನಲ್ಲಿ ಭಾವನ ಕೈಯನ್ನು ನೋಡುವವರು ಯಾರು? ನೋಡುವ ಕಣ್ಣಿಲ್ಲದಲ್ಲಿ ಕಾಗದವಾದರೂ ಬೇಕು ಎಂಬುದು ನನ್ನ ಅಂಬೋಣ. ಒಬ್ಬನೇ ಹಾರುವುದಾದರೆ ಅವನಿಷ್ಟ ಎನ್ನಬಹುದಿತ್ತು. ಕೆಳಗೆ ರಾಗಿ ಕೊಯ್ಯುವವಳು ಇರುತ್ತಾಳೆ, ಪಕ್ಕದ ಆಸನದಲ್ಲಿ ನನ್ನಂಥವನು ಇರುತ್ತಾನೆ. ಆದರೆ ನಿಜ ಬರೆದವನ ರೆಕ್ಕೆಯನ್ನೇ ಕತ್ತರಿಸುತ್ತಾರೆಂಬ ಭಯ ಹುಟ್ಟಿದರೆ, ಪೈಲಟರು ರೋಗವನ್ನಲ್ಲ, ವೈದ್ಯರನ್ನು ದೂರವಿಡುತ್ತಾರೆ. ಭಾವ ಕತ್ತಲೆಯಲ್ಲಿ ಮಾತ್ರೆ ನುಂಗಿದ್ದು ಆ ಭಯದಿಂದಲೇ.

ಮುಂದಿನ ತಪಾಸಣೆಯಲ್ಲಿ ಅವರೇ ಎಲ್ಲವನ್ನೂ ಬರೆದರು. ‘ತಾತ್ಕಾಲಿಕವಾಗಿ ಅನರ್ಹ’ ಎಂದಾಯಿತು. ಔಷಧದಿಂದ ಒತ್ತಡ ಹತೋಟಿಗೆ ಬಂದರೆ ಮತ್ತೆ ಅವಕಾಶವುಂಟು.

ಕಳೆದ ದೀಪಾವಳಿಗೆ ಊರಿಗೆ ಬಂದಿದ್ದರು. ಈಗ ಅಕ್ಕನೇ ಮಾತ್ರೆಯನ್ನು ಎಣಿಸಿ ಕೈಗೆ ಕೊಡುತ್ತಾಳೆ. ಸಂಜೆ ಮೂವರೂ ಮರಳಿನ ಮೇಲೆ ಕುಳಿತೆವು. ಬೆಳ್ಳಿಯ ಚುಕ್ಕೆ ಕಡಲ ಕಡೆಗೆ ಸಾಗಿತು. ಭಾವ ಅದು ಕಣ್ಮರೆಯಾಗುವ ತನಕ ನೋಡಿ, ಸಂಕ್ರಾಂತಿಯ ಮೇಲೆ ಮರುಪರೀಕ್ಷೆಯೆಂದರು.

“ಪಾಸಾದ್ರೆ ಬತ್ಯ?”

“ಬತ್ತೆ” ಎಂದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. “ಆ ದಿನ ಹೊಟ್ಟೆನೋವು ಬಾರದಿದ್ರೆ ಸೈ” ಎಂದಳು.