ಪಿಟೀಲಿನ ಹೊಟ್ಟೆಯೊಳಗೆ

ಮದರಾಸಿನ ಬಿಸಿಲಿನ ಬಗ್ಗೆ ಊರಿನವರು ಬಹಳ ಕನಿಕರದಿಂದ ವಿಚಾರಿಸುತ್ತಾರೆ. ಇಪ್ಪತ್ತು ವರ್ಷದ ಮೇಲಾಯಿತು ನಾನಿಲ್ಲಿಗೆ ಬಂದು, ಬಿಸಿಲು ಹೇಗೋ ಅಭ್ಯಾಸವಾಗುತ್ತದೆ. ಆಗದಿರುವುದು ಇಲ್ಲಿನ ತೇವ. ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಪಿಟೀಲು ಇರುವ ಮನೆಯಲ್ಲಿ ಇನ್ನೊಂದು ಫಜೀತಿ. ಅಕ್ಟೋಬರಿನಲ್ಲಿ ಮಳೆ ಹಿಡಿಯಿತೆಂದರೆ ಬಿರಡೆ ಉಬ್ಬಿಕೊಂಡು ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಒಣ ಹವೆ ಬಂತೆಂದರೆ ಅದೇ ಬಿರಡೆ ಜಾರುತ್ತದೆ. ಮೈಸೂರಿನ ಅಟ್ಟದ ಮೇಲೆ ದಶಕಗಟ್ಟಲೆ ತೆಪ್ಪಗಿದ್ದ ನಮ್ಮ ಸೋದರತ್ತೆಯ ಪಿಟೀಲು ಇಲ್ಲಿಗೆ ಬಂದ ಎರಡನೇ ವರ್ಷಕ್ಕೇ ಬಾಯಿ ಬಿಟ್ಟಿತು. ಮುಂದಿನ ಹಲಗೆಗೂ ಪಕ್ಕದ ಪಟ್ಟಿಗೂ ನಡುವೆ ಉಗುರು ತೂರುವಷ್ಟು ಸಂದು.

ಅತ್ತೆ ಒಳ್ಳೆಯ ನುಡಿಸುವವಳು. ತಿರುಮಕೂಡಲು ಚೌಡಯ್ಯನವರ ಕಚೇರಿಗಳನ್ನು ಕೇಳಿಕೊಂಡೇ ಬೆಳೆದವಳು. ಮೈಕಿಲ್ಲದ ಕಾಲದಲ್ಲಿ ನಾದ ಹಿಂದಿನ ಸಾಲಿನವರಿಗೂ ಮುಟ್ಟಲಿ ಅಂತ ಅವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದ್ದು ಮಾಡಿಕೊಂಡದ್ದನ್ನು ತನ್ನ ಮನೆಯ ಸಂಗತಿಯಂತೆ ಹೇಳುತ್ತಿದ್ದಳು. ಆದರೆ ಅವಳದೇ ವಾದ್ಯದ ತಂತಿ ಕಿತ್ತರೆ, ಕುದುರೆ ವಾಲಿದರೆ, ಅಂಗಡಿಗೆ ಹೊತ್ತುಕೊಂಡು ಹೋಗುತ್ತಿದ್ದವರು ನಮ್ಮಪ್ಪ. ಅಪ್ಪನಿಗೆ ಸ ಯಾವುದು ಪ ಯಾವುದು ಗೊತ್ತಿರಲಿಲ್ಲ. ಏನಾಗಿದೆ ಅಂತ ಚೀಟಿಯಲ್ಲಿ ಬರೆದು ಕಳಿಸುತ್ತಿದ್ದಳಂತೆ ಅತ್ತೆ. ರೋಗಿಯನ್ನು ಮನೆಯಲ್ಲಿ ಮಲಗಿಸಿ ಡಾಕ್ಟರಿಗೆ ಚೀಟಿ ಕಳಿಸಿದ ಹಾಗೆ!

ಕಾಲ ಬದಲಾಯಿತು ಅಂದುಕೊಂಡು ನಾನೇ ಹೊತ್ತುಕೊಂಡು ಹೋದೆ. ಜೊತೆಗೆ ಯಜಮಾನರು, ಆಟೋದವರ ಹತ್ತಿರ ಚೌಕಾಸಿ ಮಾಡಲಿಕ್ಕೆ. ಆ ಅಂಗಡಿಯವರು ಪಿಟೀಲನ್ನು ತೆಗೆದುಕೊಂಡದ್ದು ನನ್ನ ಕೈಯಿಂದ, ಮಾತಾಡಿದ್ದೆಲ್ಲ ನಮ್ಮವರ ಜೊತೆ. ಒಂದು ವಾರದ ಮೇಲೆ ವಾಪಸು ಬಂತು. ಬಡಗಿಗಳು ಕುರ್ಚಿ ಮೇಜಿಗೆ ಹಾಕುವ ಬಿಳಿ ಗೋಂದು ಹಾಕಿ ಗಟ್ಟಿಯಾಗಿ ಕೂರಿಸಿದ್ದರು. ನಾದ ಮಾತ್ರ ನೆಗಡಿ ಬಂದವರ ಮೂಗಿನ ಹಾಗೆ.

ಗೋಂದಿನ ವಿಷಯ ನನಗೆ ತಿಳಿದದ್ದು ಆಮೇಲೆ, ಮೈಲಾಪುರದ ಒಂದು ಓಣಿಯಲ್ಲಿ. ಅಪ್ಪನ ಹೆಸರಿನ ಬೋರ್ಡು, ಮುಂದೆ ಅಪ್ಪ ಕೂತು ಬಿಲ್ಲು ಬರೆಯುತ್ತಾರೆ. ಹಿಂದಿನ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತು ಕೆಲಸ ಮಾಡುವವಳು ಮಗಳು. ಮೂವತ್ತೈದಿರಬಹುದು. ನನ್ನ ಪಿಟೀಲನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿದಳು, ಹಲಸಿನ ಹಣ್ಣು ನೋಡುವ ಹಾಗೆ. ಒಂದು ಕಡೆ ತಟ್ಟಿ ಮುಖ ಹಿಂಡಿದಳು. "ಯಾರಮ್ಮಾ ಇದನ್ನು ಅಂಟಿಸಿದ್ದು?" ಅಂತ ತಮಿಳಿನಲ್ಲಿ ಕೇಳಿದಳು, ನನ್ನನ್ನೇ ನೋಡಿ.

ಪಿಟೀಲಿಗೆ ಹಾಕುವುದು ಪ್ರಾಣಿಯ ಚರ್ಮ ಕುದಿಸಿ ಮಾಡಿದ ಸರೆಸು. ಅದರ ಗುಣ ಏನು ಗೊತ್ತೇ? ಬೇಕೆಂದಾಗ ಬಿಡುತ್ತದೆ. ಒಂದಿಷ್ಟು ಬಿಸಿ, ಒಂದಿಷ್ಟು ತೇವ, ತೆಳ್ಳನೆಯ ಚೂರಿ ಇದ್ದರೆ ವಾದ್ಯವನ್ನು ಮರಕ್ಕೆ ನೋವಾಗದಂತೆ ಬಿಚ್ಚಬಹುದು. ಹವೆ ಬದಲಾಗಿ ಮರ ಹಿಗ್ಗಿ ಕುಗ್ಗಿದರೆ ಮೊದಲು ಸೋಲುವುದು ಸರೆಸು, ಮರವಲ್ಲ. ಅತ್ತೆಯ ಪಿಟೀಲು ಬಾಯಿ ಬಿಟ್ಟದ್ದು ರೋಗವಲ್ಲ, ತನ್ನನ್ನು ತಾನು ಉಳಿಸಿಕೊಂಡದ್ದು. ಬಿಳಿ ಗೋಂದು ಹಾಗೆ ಬಿಡುವುದಿಲ್ಲ, ಮರವೇ ಸೀಳಬೇಕು. ಬೆಚ್ಚನೆಯ ನೀರು ಸವರುವುದು, ಕಾಯುವುದು, ಚೂರಿಯನ್ನು ಕೂದಲೆಳೆಯಷ್ಟು ಮುಂದೆ ತಳ್ಳುವುದು. ಹೀಗೆ ಮೂರು ದಿನ ಹಿಡಿಯಿತು ಅವಳಿಗೆ. ಬ್ಯಾಂಕಿನ ಕೆಲಸ ಮುಗಿಸಿ ದಿನವೂ ಹೋಗಿ ಕೂರುತ್ತಿದ್ದೆ.

ಬಿಚ್ಚಿದ ಪಿಟೀಲನ್ನು ನೀವು ನೋಡಿದ್ದೀರೋ ಇಲ್ಲವೋ. ಒಳಗೆ ಏನೂ ಇಲ್ಲ! ಮುಂದಿನ ಹಲಗೆ ಹಗುರವಾದ ಸ್ಪ್ರೂಸ್, ಹಿಂದಿನದು ಮೇಪಲ್. ಉದ್ದಕ್ಕೊಂದು ಪಟ್ಟಿ. ಎರಡು ಹಲಗೆಗಳ ನಡುವೆ ಪೆನ್ಸಿಲ್ ಗಾತ್ರದ ಒಂದು ಕಡ್ಡಿ, ಅದಕ್ಕೆ ಅಂಟೂ ಇಲ್ಲ, ಒತ್ತಡದಲ್ಲೇ ನಿಲ್ಲಬೇಕು. ಸೌಂಡ್‌ಪೋಸ್ಟ್ ಅನ್ನುತ್ತಾರೆ. ಫ್ರೆಂಚರೂ ಇಟಲಿಯವರೂ ಅದನ್ನು ಕರೆಯುವುದು ಆತ್ಮ ಅಂತ. ಒಂದು ಕೂದಲಷ್ಟು ಸರಿಸಿದರೂ ದನಿ ಬೇರೆ. ಒಳಗಿನ ಚೀಟಿಯಲ್ಲಿ ಲ್ಯಾಟಿನ್ ಅಕ್ಷರದಲ್ಲಿ ಸ್ಟ್ರಾಡಿವೇರಿಯ ಹೆಸರಿತ್ತು. ಹಿಗ್ಗಬೇಡಿ, ಕಾರ್ಖಾನೆಗಳಲ್ಲಿ ರಾಶಿ ರಾಶಿ ಮಾಡಿದ ಪಿಟೀಲುಗಳಲ್ಲೂ ಆ ಚೀಟಿ ಇರುತ್ತದೆ. ಪಕ್ಕದಲ್ಲಿ ಹಿಂದೆ ರಿಪೇರಿ ಮಾಡಿದ ಯಾರದೋ ಪೆನ್ಸಿಲ್ ಗೀಚು. "ನೀನೂ ನಿನ್ನ ಹೆಸರು ಬರಿ" ಅಂದೆ. ನಕ್ಕಳು. "ಅಪ್ಪಾ ಪೇರ್ ದಾನ್ ಪೋಡುವೋಂ" ಅಂದಳು. ಅಪ್ಪನ ಹೆಸರೇ ಹಾಕೋದು.

ಈ ಕಸುಬಿನಲ್ಲಿ ಇದು ಹಳೆಯ ಕಥೆ. ಪಿಟೀಲಿನ ತವರು ಇಟಲಿಯ ಕ್ರಿಮೋನಾ. ಸ್ಟ್ರಾಡಿವೇರಿಯ ಜೊತೆ ಕೆಲಸ ಮಾಡಿದ ಗಂಡುಮಕ್ಕಳ ಹೆಸರು ಚರಿತ್ರೆಯಲ್ಲಿದೆ. ಗ್ವಾರ್ನೇರಿ ಡೆಲ್ ಜೇಸುವಿನ ಹೆಂಡತಿ ಕತರೀನಾ ಗಂಡನ ಕೆಲಸದಲ್ಲಿ ಕೈಜೋಡಿಸುತ್ತಿದ್ದಳೆಂಬ ಮಾತಿದೆ, ಬರೀ ಮಾತು. ಈಗ ಅದೇ ಊರಿನಲ್ಲಿ 1938ರಲ್ಲಿ ಶುರುವಾದ ಪಿಟೀಲು ತಯಾರಿಕೆಯ ಶಾಲೆಯಿದೆ, ಹೆಣ್ಣುಮಕ್ಕಳೂ ಹೋಗಿ ಕಲಿಯುತ್ತಾರೆ.

ನನಗೆ ಹೆಚ್ಚು ಹಿಡಿಸಿದವರು ಅಮೆರಿಕದ ಕಾರ್ಲೀನ್ ಹಚಿನ್ಸ್. 1911ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. ಶಾಲೆಯಲ್ಲಿ ವಿಜ್ಞಾನದ ಟೀಚರು. ಗೆಳೆಯರ ಜೊತೆ ನುಡಿಸಲು ಒಂದು ಅಗ್ಗದ ವಯೋಲಾ ಕೊಂಡರು, ಅದರ ದನಿ ಸರಿಬರಲಿಲ್ಲ, ನಾನೇ ಒಂದು ಮಾಡುತ್ತೇನೆ ಅಂತ ಕೂತರು. ಎರಡು ಮಕ್ಕಳ ತಾಯಿ, ಮನೆಯೇ ಕಾರ್ಖಾನೆ. ಹಾರ್ವರ್ಡಿನ ಸಾಂಡರ್ಸ್ ಎಂಬ ಭೌತವಿಜ್ಞಾನಿಯ ಜೊತೆ ಸೇರಿ ಪ್ರಯೋಗಕ್ಕೆಂದೇ ವಾದ್ಯ ಮಾಡಿದರು. ಹಲಗೆಯನ್ನು ಸ್ಪೀಕರಿನ ಮೇಲಿಟ್ಟು ಮಿಂಚುಪುಡಿ ಉದುರಿಸಿದರೆ, ಒಂದು ಸ್ವರಕ್ಕೆ ಪುಡಿ ಗುಣಾಕಾರದ ಗುರುತಿನಂತೆ ಕೂಡುತ್ತದೆ, ಇನ್ನೊಂದಕ್ಕೆ ಉಂಗುರದಂತೆ. ಆ ರಂಗೋಲಿ ನೋಡಿಕೊಂಡು ಎಲ್ಲಿ ಎಷ್ಟು ಹೆರೆಯಬೇಕು ಅಂತ ತೀರ್ಮಾನಿಸುವುದು. 1962ರಲ್ಲಿ ಮತ್ತು 1981ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಪಿಟೀಲಿನ ಬಗ್ಗೆ ಅವರ ಲೇಖನಗಳು ಬಂದವು. ನಾನೂರಕ್ಕೂ ಹೆಚ್ಚು ವಾದ್ಯ ಮಾಡಿದರು, ಅದೂ ತಮ್ಮ ಹೆಸರಿನಲ್ಲೇ. ವಾದ್ಯದ ಒಡಲಿಗೆ ವಿಜ್ಞಾನ ಹಚ್ಚುವ ಈ ಕೆಲಸ ನಮಗೂ ಹೊಸದಲ್ಲ. ಇದೇ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಆಮೇಲೆ ನಮ್ಮ ಬೆಂಗಳೂರಿನವರೇ ಆಗಿಹೋದ ಸಿ.ವಿ. ರಾಮನ್, ಕಲ್ಕತ್ತೆಯಲ್ಲಿದ್ದಾಗ ಕಮಾನಿನಿಂದ ತಂತಿ ಹೇಗೆ ಕಂಪಿಸುತ್ತದೆ ಅಂತ 1918ರಲ್ಲೇ ದೊಡ್ಡ ಪ್ರಬಂಧ ಬರೆದಿದ್ದರು. ಬೆಳಕಿನ ಪ್ರಖ್ಯಾತಿಯಲ್ಲಿ ಪಿಟೀಲು ಮರೆತುಹೋಯಿತು.

ತಮಿಳುನಾಡಿನಲ್ಲೇ ಇನ್ನೊಬ್ಬರಿದ್ದಾರೆ, ಪಿಟೀಲಲ್ಲ, ಘಟ. ಮಾನಾಮದುರೆಯ ಮೀನಾಕ್ಷಿ ಕೇಶವನ್. ಹಸಿ ಮಡಕೆಯನ್ನು ಸಾವಿರಾರು ಸಲ ತಟ್ಟಿ ತಟ್ಟಿ ಘಟವಾಗಿಸಿದ ಆ ಅಮ್ಮನಿಗೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಇದನ್ನು ನಮ್ಮ ಓಣಿಯ ಹುಡುಗಿಗೆ ಹೇಳಿದೆ. ಅವಳು ಹೊಸ ಸೌಂಡ್‌ಪೋಸ್ಟಿನ ತುದಿ ಹೆರೆಯುತ್ತಾ, "ತಟ್ಟುವ ಸದ್ದು ಹೊರಗೆ ಕೇಳುತ್ತೆ ಅಕ್ಕಾ, ನಂದು ಕೇಳಲ್ಲವಲ್ಲ" ಅಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಹಲಗೆ ಮುಚ್ಚುವ ದಿನ ಮತ್ತೆ ಹಟ ಹಿಡಿದೆ. ಅಪ್ಪ ಮುಂದಿನಿಂದಲೇ "ಬರೆದುಕೋ, ಯಾರು ನೋಡ್ತಾರೆ" ಅಂದರು. ಪೆನ್ಸಿಲಿನಲ್ಲಿ ತಾರೀಖು ಹಾಕಿ, ಕೆಳಗೆ ತಮಿಳಿನಲ್ಲಿ ಏನೋ ಸಣ್ಣಕ್ಷರದಲ್ಲಿ ಬರೆದಳು. ಹೆಸರೋ, ಬರೀ ಇನಿಶಿಯಲ್ಲೋ, ನಾನು ಕೂಡಿಸಿ ಓದುವಷ್ಟರಲ್ಲಿ ಸರೆಸು ಹಚ್ಚಿಯಾಗಿತ್ತು. ರಸೀದಿ ಅಪ್ಪನ ಹೆಸರಿನಲ್ಲೇ.

ಪಿಟೀಲು ಈಗ ಹದವಾಗಿ ಮಾತಾಡುತ್ತಿದೆ, ಮಂದ್ರದಲ್ಲಿ ವಿಶೇಷವಾಗಿ. ಹಚಿನ್ಸರ ಲೇಖನವೊಂದನ್ನು ಪ್ರಿಂಟ್ ಹಾಕಿಸಿ ಕೊಟ್ಟಿದ್ದೆ. ಇಂಗ್ಲಿಷ್ ಅವಳಿಗೆ ಕಷ್ಟ, ನನಗೆ ತಮಿಳು ಬರೆಯಲು ಬಾರದು. ಹಾಗಾಗಿ ಶನಿವಾರ ಸಂಜೆ ಹೋಗಿ ನನ್ನ ಮೈಸೂರು ತಮಿಳಿನಲ್ಲಿ ಅರ್ಧರ್ಧ ಪುಟ ಓದಿ ಹೇಳುತ್ತೇನೆ. ಮೊನ್ನೆ ಮಿಂಚುಪುಡಿಯ ಜಾಗಕ್ಕೆ ಬಂದೆವು. ಅಪ್ಪ ಬಿಲ್ಲು ಬರೆಯುವುದು ನಿಲ್ಲಿಸಿ, ಒಳಗೆ ಬಂದು ಬಾಗಿಲಿಗೆ ಒರಗಿ ಕೂತರು. ಆ ಪುಡಿಗೆ ಎಷ್ಟಾಗುತ್ತದೆ, ಪಾಂಡಿ ಬಜಾರಿನಲ್ಲಿ ಸಿಗುತ್ತದೋ ಅಂತ ಕೇಳಿದರು.