ನಾಲ್ಕು ತಾಲ್ಲೂಕು, ಒಂದು ಗೇರ್ ಸೈಕಲ್ಲು

ನಮ್ಮ ಕಡೆಯ ಹುಡುಗರಿಗೆ ಗೇರ್ ಸೈಕಲ್ ಅಂದರೆ ಮೊದಲು ಕಣ್ಣಿಗೆ ಬೀಳುವುದು ಸ್ಪ್ರಿಂಗು. ಮುಂದೆ ಎರಡು, ಸೀಟಿನ ಕೆಳಗೊಂದು ದಪ್ಪ ಸ್ಪ್ರಿಂಗ್ ಇದ್ದರೆ ಅದು ಗುಡ್ಡ ಹತ್ತುವ ಸೈಕಲ್ಲು ಎಂದೇ ಲೆಕ್ಕ. ಕೆರೆಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವ ನಾನು ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರು ತಾಲ್ಲೂಕುಗಳಲ್ಲಿ ಎರಡು ವರ್ಷದಿಂದ ಒಂದು ಹಳೆಯ ಮೌಂಟೆನ್ ಬೈಕ್ ತುಳಿಯುತ್ತಿದ್ದೇನೆ. ದಿನಕ್ಕೆ ಎರಡೇ ಬಸ್ಸು ಬರುವ ಊರುಗಳಿಗೆ ಅದೇ ನನ್ನ ವಾಹನ. ಒಂದೊಂದು ತಾಲ್ಲೂಕಿನ ನೆಲ ಸೈಕಲ್ಲಿನ ಒಂದೊಂದು ಭಾಗವನ್ನು ಪರೀಕ್ಷೆಗೆ ಹಚ್ಚಿದೆ.

ಶಿಗ್ಗಾವಿಯ ಡಾಂಬರು ರಸ್ತೆಯಲ್ಲಿ ಪರೀಕ್ಷೆ ಟೈರಿಗೆ. ಗುಬಟು ಗುಬಟಾದ ಅಗಲ ಟೈರು ಸಪಾಟು ರಸ್ತೆಯಲ್ಲಿ ಗುಂಯ್‌ಗುಡುತ್ತ ಕಾಲನ್ನು ಹಿಂದಕ್ಕೆ ಜಗ್ಗುತ್ತದೆ. ಗಾಳಿ ಬಿರುಸಾಗಿ ತುಂಬಿದರೆ ಹಗುರ. ಅದೇ ಗಾಳಿಯಲ್ಲಿ ಕಲ್ಲುದಾರಿಗಿಳಿದರೆ ಪ್ರತಿ ಕಲ್ಲಿಗೂ ಪುಟಿಯುತ್ತದೆ. ತುಸು ಗಾಳಿ ಬಿಟ್ಟರೆ ಟೈರು ಕಲ್ಲನ್ನು ಅಪ್ಪಿಕೊಂಡು ಸಾಗುತ್ತದೆ. ಸ್ಪ್ರಿಂಗಿನ ಕೆಲಸದಲ್ಲಿ ದೊಡ್ಡ ಪಾಲನ್ನು ಗಾಳಿಯೇ ಪುಕ್ಕಟೆ ಮಾಡಿಕೊಡುತ್ತದೆ.

ಸವಣೂರಿನದು ಎರಿ ಭೂಮಿ. ಮಳೆಗಾಲದಲ್ಲಿ ಎರಿಮಣ್ಣು ಟೈರಿಗೆ ಮೆತ್ತಿ, ರಿಮ್ ಹಿಡಿಯುವ ಬ್ರೇಕಿನ ಸಂದಿಯಲ್ಲಿ ನಾದಿದ ಹಿಟ್ಟಿನಂತೆ ತುಂಬಿ, ಗಾಲಿ ತಿರುಗುವುದೇ ನಿಲ್ಲುತ್ತದೆ. ರೈತರು ಮಡ್‌ಗಾರ್ಡ್ ಬಿಚ್ಚಿಡುವುದು ಇದಕ್ಕೇ. ಡಿಸ್ಕ್ ಬ್ರೇಕ್ ಗಾಲಿಯ ನಡುವೆ ಕೂರುವುದರಿಂದ ಟೈರಿನ ಸುತ್ತ ಜಾಗ ಉಳಿಯುತ್ತದೆ. ಅದೂ ಸೋತಾಗ ಸೈಕಲ್ ಹೆಗಲ ಮೇಲೆ. ಆಗ ತೂಕದ ಬೆಲೆ ಗೊತ್ತಾಗುತ್ತದೆ.

ಹಾನಗಲ್ಲ ಮಲೆನಾಡಿನ ಸೆರಗು. ಅಲ್ಲಿನ ಏರಿಳಿತಕ್ಕೆ ಬೇಕಾದದ್ದು ಗೇರು. ಮುಂದೆ 28 ಹಲ್ಲು, ಹಿಂದೆ 28 ಹಲ್ಲು ಇಟ್ಟರೆ ಪೆಡಲ್ ಒಂದು ಸುತ್ತಿಗೆ ಗಾಲಿಯೂ ಒಂದೇ ಸುತ್ತು. ನಿಧಾನ, ಆದರೆ ಇಳಿದು ತಳ್ಳಬೇಕಿಲ್ಲ. ಅಲ್ಲಿಯ ರಿಪೇರಿ ಅಂಗಡಿಯ ಕಾಕಾ, ಯಾರೋ ಹುಡುಗನ ಮೂರು ಸ್ಪ್ರಿಂಗಿನ ಸೈಕಲ್ ಬಿಚ್ಚುತ್ತ ಹೇಳಿದರು: “ನೋಡವ್ವಾ, ಕಾಲಿನ ತಾಕತ್ತು ಗಾಲಿಗೆ ಹೋಗಬೇಕು. ನಡುವ ಸ್ಪ್ರಿಂಗು ನುಂಗಿದ್ರ ಏನ್ ಬಂತು?”

ಮೌಂಟೆನ್ ಬೈಕ್ ಹುಟ್ಟಿದ್ದೂ ಇಂಥ ರಿಪೇರಿ ಬುದ್ಧಿಯಿಂದಲೇ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಮಲ್‌ಪಾಯಸ್ ಬೆಟ್ಟದ ಸುತ್ತ ಗ್ಯಾರಿ ಫಿಶರ್, ಜೋ ಬ್ರೀಜ್ ಮೊದಲಾದವರು ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನೇ ಗುಡ್ಡದಿಂದ ಇಳಿಸುತ್ತಿದ್ದರು. ಒಂದೇ ಇಳಿಜಾರಿಗೆ ಹಿಂಗಾಲಿಯ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗುತ್ತಿತ್ತು, ಮತ್ತೆ ತುಂಬಬೇಕು. ಅದಕ್ಕೇ 1976ರಲ್ಲಿ ಶುರುವಾದ ಅವರ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರು. ಆ ಸೈಕಲ್ಲುಗಳಲ್ಲಿ ಸ್ಪ್ರಿಂಗಿನ ಫೋರ್ಕ್ ಇರಲಿಲ್ಲ. ನೆಲ ಕೇಳಿದ್ದನ್ನು ಒಂದೊಂದಾಗಿ ಜೋಡಿಸುತ್ತ ಹೋದರು, ಅಷ್ಟೇ.

ಹಿರೇಕೆರೂರಿನ ಕಡೆ ಅಕ್ಕನ ಮನೆ. ರಾಜ್ಯದಲ್ಲಿ 2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆಯಲ್ಲಿ, ಎಂಟನೇ ತರಗತಿಗೆ ಬಂದಾಗ ನನಗೂ ಒಂದು ಸಿಕ್ಕಿತ್ತು. ಅದಿಲ್ಲದಿದ್ದರೆ ನನ್ನ ಓದು ಏಳಕ್ಕೇ ಮುಗಿಯುತ್ತಿತ್ತು. ಈಗ ಅದನ್ನು ಅಕ್ಕನ ಮಗಳು ತುಳಿಯುತ್ತಾಳೆ. ಶಾಲೆಯ ದಾರಿಯಲ್ಲಿ ಒಂದು ಕೆಟ್ಟ ಏರು. ಇಳಿದು ತಳ್ಳಿ ತಳ್ಳಿ ಮೊದಲ ಪೀರಿಯಡ್ ತಪ್ಪುತ್ತಿತ್ತು. ಶಾಲೆ ಬಿಡಿಸುವ ಮಾತೂ ಮನೆಯಲ್ಲಿ ಬಂದಿತ್ತು. ಅವಳ ಸೈಕಲ್ಲಿಗೆ ಮುಂದೆ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತಿಗೆ ಗಾಲಿ ಸುಮಾರು ಎರಡೂವರೆ ಸುತ್ತು. ಬಯಲಿಗೆ ಸರಿ, ಏರಿಗೆ ಭಾರ. ಹಾನಗಲ್ಲದ ಕಾಕಾನ ಅಂಗಡಿಗೆ ಸೈಕಲ್ ಒಯ್ದು 22 ಹಲ್ಲಿನ ಫ್ರೀವೀಲ್ ಹಾಕಿಸಿ, ಚೈನಿಗೆ ಎರಡು ಕೊಂಡಿ ಸೇರಿಸಿದೆವು. ಈಗ ಒಂದು ಸುತ್ತಿಗೆ ಎರಡೇ ಸುತ್ತು. ಪೆಡಲ್ ಒತ್ತುವ ಬಲ ಸುಮಾರು 18 ಪ್ರತಿಶತ ಕಡಿಮೆ. ಸ್ಪ್ರಿಂಗಿಗಾಗಿ ಸಾವಿರಗಟ್ಟಲೆ ಸುರಿಯುವ ಕಾಲದಲ್ಲಿ ಬದಲಾದದ್ದು ನಾಲ್ಕು ಹಲ್ಲು.

ಹೋದ ವಾರ ಫೋನು ಮಾಡಿದ್ದಳು. “ಚಿಗವ್ವಾ, ಬಯಲಿನಾಗ ನನ್ನ ಗೆಳತ್ಯಾರು ಮುಂದ ಹೋಗತಾರ. ಎಷ್ಟು ತುಳಿದ್ರೂ ಸಿಗಂಗಿಲ್ಲ.”

“ಏರಿನಾಗ?”

“ಏರಿನಾಗ ಅವರು ತಳ್ಳಕೋತ ಬರತಾರ.”