ಗಜದ ಮೇಲೊಂದು ಗೆರೆ

ಮೊನ್ನೆ ಶನಿವಾರ ಬೆಳಿಗ್ಗೆ ನಮ್ಮ ಟೀಮಿನ ಹಿರಿಯರೊಬ್ಬರು ಫೋನ್ ಮಾಡಿ, ಹೊಸ ಕೋವಿ ತಗೊಂಡಿದ್ದೀನಿ, ಗುರಿ ಸರಿಮಾಡೋಕೆ ಹೋಗ್ತಿದ್ದೀನಿ, ಬರ್ತೀಯಾ ಅಂತ ಕರೆದರು. ಬಟ್ಟೆ ಒಗೆಯೋದು ಬಿಟ್ಟರೆ ನನಗೆ ಬೇರೆ ಘನಂದಾರಿ ಕೆಲಸ ಇರಲಿಲ್ಲ. ಹೊರಟೆ. ವೀಸಾ ಮೇಲಿರೋ ನನ್ನದು ನೋಡೋ ಕೆಲಸ ಮಾತ್ರ, ಮುಟ್ಟೋದಲ್ಲ ಅಂತ ಮೊದಲೇ ಹೇಳಿಬಿಟ್ಟೆ.

ಇಲ್ಲಿ ಒಹಾಯೋದಲ್ಲಿ ಜನವರಿಯ ಮೊದಲ ದಿನಗಳಲ್ಲಿ ಬಾಯಿಯಿಂದ ಮದ್ದು ತುಂಬುವ ಕೋವಿಗಳಿಗೇ ಅಂತ ಜಿಂಕೆ ಬೇಟೆಗೆ ಕೆಲವು ದಿನ ಮೀಸಲು. ಅದಕ್ಕೇ ಈ ತಯಾರಿ. ಪೆಟ್ಟಿಗೆಯಿಂದ ಹೊರತೆಗೆದಾಗ ನನಗೆ ನಗು ಬಂತು. ಮೇಲೊಂದು ದುರ್ಬೀನು ಬಿಟ್ಟರೆ ಇದು ನಮ್ಮ ಮಲೆನಾಡಿನ ಕೇಪಿನ ಕೋವಿಯ ದಾಯಾದಿಯೇ!

ಹೊಸ ಕೋವಿ ಅಂದರೆ ತಂದ ಕೂಡಲೇ ಹೊಡೆಯೋ ಹಾಗಿಲ್ಲ. ತುಕ್ಕು ಹಿಡಿಯದಿರಲಿ ಅಂತ ಫ್ಯಾಕ್ಟರಿಯವರು ನಳಿಗೆಗೆ ಎಣ್ಣೆ ಬಳಿದಿರುತ್ತಾರೆ. ಅದನ್ನು ಬಟ್ಟೆಯಿಂದ ಒರೆಸಬೇಕು. ಹಿಂದಿನ ಬಿರಡೆ ಬಿಚ್ಚಿ ಮರೆಗೆ ಗ್ರೀಸು ಹಚ್ಚಬೇಕು, ಇಲ್ಲದಿದ್ದರೆ ಮಸಿ ಕಚ್ಚಿ ಮತ್ತೆ ಬಿಚ್ಚೋಕೇ ಬರೋದಿಲ್ಲ. ಆಮೇಲೆ ಮದ್ದಿಲ್ಲದೆ ಬರೀ ಕೇಪು ಎರಡು ಸಲ ಸಿಡಿಸಿ, ಉಳಿದ ಎಣ್ಣೆ ಒಣಗಿಸಿದರು. ಆಮೇಲೆ 100 ಗ್ರೇನ್ ಮದ್ದು. ಅದನ್ನು ತೂಗುವುದಿಲ್ಲ, ಅಳತೆ ಕೊಳವೆಯಲ್ಲಿ ಅಳೆಯುತ್ತಾರೆ. ಈಗಿನ ತೋಟೆಗಳಲ್ಲಿರೋ ಹೊಗೆರಹಿತ ಮದ್ದನ್ನು ಇಂಥ ಕೋವಿಗೆ ಹಾಕಿದರೆ ನಳಿಗೆ ಸೀಳಿಹೋಗುತ್ತದಂತೆ. ಕೊನೆಗೆ ಪ್ಲಾಸ್ಟಿಕ್ ಅಂಗಿ ತೊಟ್ಟ ಗುಂಡನ್ನು ಗಜದಿಂದ ಒತ್ತಿ, ಮದ್ದಿನ ಮೇಲೆ ಪೂರ್ತಿ ಕೂರೋವರೆಗೂ ಇಳಿಸಿದರು. ನಡುವೆ ಖಾಲಿ ಜಾಗ ಇದ್ದರೆ ಅದೂ ಅಪಾಯವೇ.

ಗುಂಡು ಕೂತ ಮೇಲೆ ಜೇಬಿಂದ ಪೆನ್ನು ತೆಗೆದು, ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೆ ಒಂದು ಗೆರೆ ಎಳೆದರು. ಅದಕ್ಕಿಂತ ಸ್ವಲ್ಪ ಮೇಲೆ ಆಗಲೇ ಇನ್ನೊಂದು ಗೆರೆ ಇತ್ತು. ಇದೇನು ಅಂದೆ. "ಅದು ಖಾಲಿ, ಇದು ತುಂಬಿದ್ದು. ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತಲ್ಲ" ಅಂದರು.

ನಾನು ಸುಮ್ಮನಾಗಿಬಿಟ್ಟೆ.

ನಮ್ಮನೆಯಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದ ಕೇಪಿನ ಕೋವಿ ಒಂದಿತ್ತು. 1991ರ ಮಾತು, ನಾನು ಹುಟ್ಟಿರಲಿಲ್ಲ. ಗದ್ದೆಗೆ ಹಂದಿ ಬರ್ತಿವೆ ಅಂತ ಅಜ್ಜ ಸಂಜೆ ಮದ್ದು ಜಡಿದಿಟ್ಟು, ಹಂದಿ ಬಾರದ್ದಕ್ಕೆ ಹಾಗೇ ಗೋಡೆಗೆ ನೇತುಹಾಕಿ ಮಲಗಿದ್ದರು. ಬೆಳಗಿನ ಜಾವ ನಾಯಿ ಬೊಗಳಿತು. ಚಿಕ್ಕಪ್ಪ ಎದ್ದು, ಕೋವಿ ಖಾಲಿ ಇದೆ ಅಂದುಕೊಂಡು ಮತ್ತೊಂದು ಈಡಿಗೆ ಮದ್ದು, ತೆಂಗಿನ ನಾರು, ಚರೆ ಎಲ್ಲಾ ತುಂಬಿ, ಹೆದರಿಸೋಕೆ ಗಾಳಿಗೆ ಹೊಡೆದರು. ನಳಿಗೆ ಒಡೆಯಿತು. ಎಡಗೈಯ ಎರಡು ಬೆರಳು ಹೋದವು. ಕಣ್ಣು ಉಳಿದದ್ದು ಪುಣ್ಯ. ಅಜ್ಜ ಆಮೇಲೆ ಕೋವಿ ಮುಟ್ಟಲಿಲ್ಲ. ಈಗ 88 ವರ್ಷ. ಚಿಕ್ಕಪ್ಪ ಊಟಕ್ಕೆ ಕೂತಾಗ ಇವತ್ತಿಗೂ ಆ ಕೈ ಕಡೆ ನೋಡೋದಿಲ್ಲ.

ಇತ್ತ 25 ಗಜ ದೂರದಲ್ಲಿ ಮೊದಲ ಗುಂಡು 3 ಇಂಚು ಎಡಕ್ಕೆ ಬಿತ್ತು. ದುರ್ಬೀನಿನ ಒಂದು ಕ್ಲಿಕ್ ಅಂದರೆ 100 ಗಜದಲ್ಲಿ ಕಾಲು ಇಂಚು. 25 ಗಜದಲ್ಲಿ ಅದರ ಕಾಲುಭಾಗ. ಹಾಗಾಗಿ 48 ಕ್ಲಿಕ್ ಅಂತ ಲೆಕ್ಕ ಹೇಳಿದೆ. ನಾಲ್ಕು ವರ್ಷದ ಎಂಜಿನಿಯರಿಂಗ್ ಕೊನೆಗೂ ಉಪಯೋಗಕ್ಕೆ ಬಂತು :-) ಪ್ರತಿ ಗುಂಡಿನ ನಂತರ ಮಸಿ ಒರೆಸಿ, ನಳಿಗೆ ತಣಿಯಲು ಬಿಟ್ಟು, ಮಧ್ಯಾಹ್ನದ ಹೊತ್ತಿಗೆ 100 ಗಜದಲ್ಲಿ ಮೂರು ಗುಂಡು ಒಂದು ಅಂಗೈಯಗಲದಲ್ಲಿ ಕೂತವು. ಪ್ರತಿ ಸಲ ತುಂಬುವ ಮೊದಲು ಗಜ ಇಳಿಸಿ ಗೆರೆ ನೋಡೋದನ್ನು ಅವರು ಒಮ್ಮೆಯೂ ಬಿಡಲಿಲ್ಲ.

ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿ ಗೆರೆಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇಷ್ಟೇನಾ ಮಾರಾಯ?" ಅಂತ ನಕ್ಕರು. ಅಜ್ಜನಿಗೆ ಫೋನ್ ಕೊಡಿ ಅಂದೆ.

"ಕೊಡ್ತೀನಿ. ಆದ್ರೆ ಅವರ ಹತ್ರ ಇದನ್ನ ಹೇಳ್ಬೇಡ" ಅಂದರು.

ಅಜ್ಜನ ಹತ್ತಿರ ಇಲ್ಲಿನ ಚಳಿಯ ಬಗ್ಗೆ ಮಾತಾಡಿ ಫೋನ್ ಇಟ್ಟೆ.